ಒಂಬತ್ತು ಕಾಳಿನ ಸಾರು ಮತ್ತು ನನ್ನ ಒಂದೇ ಸತ್ಯ

ವಿಜಯನಗರ

ನೇಪಾಳವನ್ನು ವಿದೇಶ ಎಂದು ಒಪ್ಪಿಕೊಳ್ಳಲು ನಮ್ಮ ಮನೆಯಲ್ಲಿ ಯಾರೂ ತಯಾರಿರಲಿಲ್ಲ. ಬಸವೇಶ್ವರನಗರದ ದೊಡ್ಡಮ್ಮ ಒಮ್ಮೆ ಸಿಂಗಾಪುರಕ್ಕೆ ಹೋಗಿ ಬಂದವರು. ಇಂಥ ವಿಷಯಗಳಲ್ಲಿ ಅವರದೇ ಕೊನೆಯ ಮಾತು. "ವೀಸಾನೇ ಬೇಡ ಅಂದ್ಮೇಲೆ ಅದೆಂಥ ಫಾರಿನ್ನೇ? ತಿರುಪತಿಗೆ ಹೋದಂಗೆ ಹೋಗ್ಬಿಟ್ಟು ಬಾ" ಎಂದು ಫೋನಿನಲ್ಲೇ ತೀರ್ಪು ಕೊಟ್ಟರು. ಅಪ್ಪ ಮಾತ್ರ ನನ್ನ ಮರ್ಯಾದೆ ಉಳಿಸಲೆಂದು ಹೊಸ ಸೂಟ್‌ಕೇಸ್ ತಂದರು. ಅದರ ಒಂದು ಚಕ್ರ ನಮ್ಮ ಮನೆಯ ಮೆಟ್ಟಿಲಿನಲ್ಲೇ ಕಳಚಿಕೊಂಡಿತು. ಅಲ್ಲಿಂದ ಮುಂದೆ ಎರಡು ದೇಶಗಳಲ್ಲಿ ಅದನ್ನು ಕುಂಟಿಸಿಕೊಂಡೇ ತಿರುಗಿದೆ.

ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಮಾಗಡಿ ರಸ್ತೆಯ ಕಡೆಯ ಒಂದು ಸಾಧಾರಣ ಕಾಲೇಜು. ತತ್ವಶಾಸ್ತ್ರ ತೆಗೆದುಕೊಂಡಿದ್ದವರು ಒಟ್ಟು ಏಳು ಜನ. ಅವರಲ್ಲಿ ಆರು ಜನ ಸತ್ಯ ಎನ್ನುವುದೊಂದು ಇಲ್ಲವೇ ಇಲ್ಲ, ಅವರವರಿಗೆ ಕಂಡದ್ದು ಅವರವರ ಸತ್ಯ ಎನ್ನುವವರು. ಉಳಿದವಳು ನಾನು. ಹೆಸರು ಮೇಘನಾ. ಕ್ಲಾಸಿನಲ್ಲಿ ಕರೆಯುತ್ತಿದ್ದದ್ದು ಜಡ್ಜಮ್ಮ ಎಂದು.

ಆ ಆರು ಜನರ ನಾಯಕ ಚರಣ್, ಸುಂಕದಕಟ್ಟೆಯವನು. ಬಸ್ಸಿನಲ್ಲಿ ನೇತಾಡಿಕೊಂಡು ಬಂದವನು ಇಳಿದ ಕೂಡಲೇ ವಾದಕ್ಕೆ ಶುರುಮಾಡುತ್ತಿದ್ದ. "ವಿಜಯನಗರ ಮೆಟ್ರೋ ಸ್ಟೇಷನ್‌ಗೆ ದಾರಿ ಯಾವುದು ಅಂತ ನಾಲ್ಕು ಜನರನ್ನ ಕೇಳು. ನಾಲ್ಕು ಜನ ನಾಲ್ಕು ದಾರಿ ಹೇಳ್ತಾರೆ. ಯಾರದ್ದು ಸತ್ಯ?"

"ದಾರಿ ನಾಲ್ಕಿರಲಿ ಕಣೋ. ಸ್ಟೇಷನ್ ಇರೋದು ಒಂದೇ ಕಡೆ ತಾನೇ?"

"ನೋಡ್ರೋ, ಜಡ್ಜಮ್ಮ ಆರ್ಡರ್ ಪಾಸ್ ಮಾಡಿದ್ರು" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು, ಆದರೆ ಸೋತೆ ಎಂದು ಅನ್ನಿಸುತ್ತಿರಲಿಲ್ಲ. ಎಲ್ಲರದೂ ಸತ್ಯವೇ ಆಗಿಬಿಟ್ಟರೆ ಕೊನೆಗೆ ಗಟ್ಟಿ ಗಂಟಲಿನವನದೇ ಸತ್ಯವಾಗುತ್ತದೆ, ಮೆತ್ತಗೆ ಮಾತಾಡುವವರ ಗತಿ ಏನು ಎಂಬ ಹೆದರಿಕೆ ನನಗೆ ಮೊದಲಿನಿಂದ ಇತ್ತು. ನಮ್ಮಮ್ಮ ಮೆತ್ತಗೆ ಮಾತಾಡುವವಳು. ಬಹುಶಃ ಅಲ್ಲಿಂದಲೇ ಇದೆಲ್ಲ ಹುಟ್ಟಿರಬೇಕು.

ನೇಪಾಳದ ಭಕ್ತಪುರದ ಕಾಲೇಜೊಂದರಲ್ಲಿ ಸುತ್ತಲಿನ ದೇಶಗಳ ವಿದ್ಯಾರ್ಥಿಗಳಿಗೆ ಮೂರು ದಿನದ ಕಮ್ಮಟ. ವಿಷಯ, ಸತ್ಯ. ನಮ್ಮ ಮೇಷ್ಟ್ರು ತಮ್ಮ ಜೊತೆ ಕರೆದೊಯ್ಯಲು ಮೂವರನ್ನು ಆರಿಸಿದರು: ನಾನು, ಚರಣ್, ಮತ್ತು ಪಲ್ಲವಿ. ಪಲ್ಲವಿ ಕೊನೆಯಲ್ಲಿ ಯಾರು ಮಾತಾಡಿದರೋ ಅವರ ಪಕ್ಷ. ಮೂವರಲ್ಲಿ ಸುಖಿ ಅವಳೇ.

ಕಾಠ್ಮಂಡು

ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಒಂದು ಗಂಟೆಯಲ್ಲ, ಅರ್ಧ ಗಂಟೆಯೂ ಅಲ್ಲ, ಬರೀ ಹದಿನೈದು ನಿಮಿಷ. ಇಷ್ಟಕ್ಕೋಸ್ಕರ ಒಂದು ದೇಶ ಹಟ ಹಿಡಿಯುತ್ತದೆ ಎಂದು ತಿಳಿದೊಡನೆ ನನಗೆ ಆ ದೇಶದ ಮೇಲೆ ಪ್ರೀತಿ ಹುಟ್ಟಿತು. ಚರಣ್‌ಗೂ ಸಂತೋಷವಾಯಿತು, ಅವನ ಕಾರಣ ಬೇರೆ.

"ಟೈಮೇ ದೇಶಕ್ಕೊಂದು ಇದೆ. ಇನ್ನು ನಿನ್ನ ಸತ್ಯ ಎಲ್ಲಿಂದ ಒಂದೇ ಆಗುತ್ತೆ?" ಎಂದ.

"ಗಡಿಯಾರ ಎರಡು ಕಣೋ. ಸೂರ್ಯ ಒಬ್ಬನೇ."

"ಸೂರ್ಯ ಎಲ್ಲಿ ಗುರು?" ಎಂದು ಅವನು ಮೇಲೆ ನೋಡಿದ. ಶ್ರಾವಣದ ಮೋಡ ಕವಿದು ಊರೆಲ್ಲ ಬೂದುಬಣ್ಣಕ್ಕೆ ತಿರುಗಿತ್ತು. ಹಿಮಾಲಯ ನೋಡುತ್ತೇವೆಂದು ಬಂದವರಿಗೆ ಒಂದು ಗುಡ್ಡವೂ ಕಾಣಲಿಲ್ಲ. ಕಾಣದಿದ್ದರೂ ಅದು ಅಲ್ಲೇ ಇದೆಯಲ್ಲ ಎಂದು ನಾನು ಹೇಳಬಹುದಿತ್ತು. ಆ ಉತ್ತರ ಹೊಳೆದದ್ದು ಮಾರನೆಯ ದಿನ ಹಲ್ಲುಜ್ಜುವಾಗ.

ಇಷ್ಟೆಲ್ಲ ವಾದ ಮಾಡಿದ ನಾವು ಒಬ್ಬರೂ ಕೈಗಡಿಯಾರ ತಿದ್ದಿಕೊಂಡಿರಲಿಲ್ಲ. ಭಕ್ತಪುರದಲ್ಲಿ ಕಮ್ಮಟದ ಉದ್ಘಾಟನೆಗೆ ಸರಿಯಾಗಿ ಹದಿನೈದು ನಿಮಿಷ ತಡವಾಗಿ ಹೋದೆವು. ಹಾಜರಾತಿ ವಿಷಯದಲ್ಲಿ ನಮ್ಮನ್ನು ಮೂರು ವರ್ಷ ಹಿಂಡಿದ ಮೇಷ್ಟ್ರು ಎಲ್ಲರಿಗಿಂತ ಹಿಂದೆ, ಚಪ್ಪಲಿ ಸದ್ದಾಗದ ಹಾಗೆ ನಡೆದು ಬಂದರು. ಆ ನಡಿಗೆಯನ್ನು ಪಲ್ಲವಿ ಈಗಲೂ ಮಾಡಿ ತೋರಿಸುತ್ತಾಳೆ.

ಭಕ್ತಪುರ

ನಮ್ಮನ್ನು ಹೋಟೆಲಿನಲ್ಲಿ ಇಡದೆ ಊರಿನ ಮನೆಗಳಲ್ಲಿ ಇಟ್ಟಿದ್ದರು. ನನಗೂ ಪಲ್ಲವಿಗೂ ಸಿಕ್ಕಿದ್ದು ಸೃಜನಾ ಎಂಬ ವಿದ್ಯಾರ್ಥಿನಿಯ ಮನೆ. ಚರಣ್ ಅದೇ ಅಂಗಳದ ಎದುರು ಮನೆಯಲ್ಲಿ. ಇಟ್ಟಿಗೆಯ ಮನೆಗಳೆಲ್ಲ ಒಂದು ಅಂಗಳದ ಸುತ್ತ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು. ಒಂದು ಮನೆಯಲ್ಲಿ ಕೆಮ್ಮಿದರೆ ಇನ್ನೊಂದು ಮನೆಯಿಂದ ಬಿಸಿನೀರು ಬರುತ್ತಿತ್ತು. ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲೂ ಮನೆಗಳು ಇಷ್ಟೇ ಹತ್ತಿರ ಇವೆ. ಆದರೆ ನಾವು ಹತ್ತಿರ ಇದ್ದೇವೆಂದೇ ಕಿಟಕಿ ಮುಚ್ಚಿಕೊಳ್ಳುತ್ತೇವೆ.

ಸೃಜನಾಳ ಅಜ್ಜಿಯನ್ನು ಅಂಗಳದವರೆಲ್ಲ 'ಅಜಿ' ಎನ್ನುತ್ತಿದ್ದರು. ನನ್ನನ್ನು ಖುಷಿಪಡಿಸಲು ಕನ್ನಡ ಕಲಿತಿದ್ದಾರೇನೋ ಎಂದುಕೊಂಡೆ. ಇಲ್ಲ, ಅಲ್ಲಿನ ನೇವಾರರ ಮಾತಿನಲ್ಲಿ ಅಜ್ಜಿಗೆ ಅಜಿ ಎಂದೇ ಹೆಸರಂತೆ. ಎಪ್ಪತ್ತೇಳು ವಯಸ್ಸಿನ, ಮೊಣಕಾಲು ನೋವಿನ, ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುವ ಅಜಿ. ಅವರಿಗೆ ಟಿವಿ ಧಾರಾವಾಹಿಗಳಿಂದ ಬಂದ ಹಿಂದಿ, ನನಗೆ ಬಟ್ಟೆ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಬಂದ ಹಿಂದಿ. ಆ ಮಾತುಕತೆಯನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮೂಲಕ್ಕಿಂತ ಚೆನ್ನಾಗಿಯೇ ಕೇಳಿಸುತ್ತದೆ.

ಆ ಮನೆಗಳಲ್ಲಿ ಅಡುಗೆಮನೆ ಇರುವುದು ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ, ದೇವರ ಗೂಡಿನ ಪಕ್ಕ. ಏಣಿಯಂಥ ಮರದ ಮೆಟ್ಟಿಲು ಹತ್ತಿ, ನೆಲದಲ್ಲಿ ಕೊರೆದ ಕಿಂಡಿಯಿಂದ ತಲೆ ತೂರಿಸಿ ಒಳಗೆ ಬರಬೇಕು. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಊಟ ಕೆಳಗೇ ಬರುತ್ತದೆ.

ಮೊದಲ ದಿನದ ಚರ್ಚೆಯಲ್ಲಿ ನಾನು ಒಂಟಿಯಾಗಿದ್ದೆ. ಬಾಂಗ್ಲಾದವರು, ಕೊಲಂಬೊದವರು, ನೇಪಾಳದವರು, ನಮ್ಮವರು, ಎಲ್ಲ ಒಂದು ಕಡೆ. ಸೃಜನಾ ಎದ್ದು ಕೇಳಿದಳು: "ಯಾರಿಗೂ ಎಂದೂ ಗೊತ್ತಾಗದ ಒಂದು ಸತ್ಯ ಇದ್ದರೆಷ್ಟು, ಬಿಟ್ಟರೆಷ್ಟು?"

"ನಮಗೆ ಗೊತ್ತಿದೆ ಎನ್ನುವುದರ ಮೇಲೆ ಅದು ನಿಂತಿಲ್ಲ" ಎಂದೆ. "ನಡೆದದ್ದು ನಡೆದದ್ದೇ. ನೋಡಿದವರು ಸತ್ತರೂ, ಮರೆತರೂ, ಸುಳ್ಳು ಹೇಳಿದರೂ ಅದು ನಡೆಯದೇ ಇದ್ದದ್ದಾಗುವುದಿಲ್ಲ." ದನಿ ಗಟ್ಟಿಯಾಗಿಯೇ ಬಂತು. ಯಾರೂ ನನ್ನ ಕಡೆಗೆ ತಿರುಗಲಿಲ್ಲ, ಆದರೆ ಚಪ್ಪಾಳೆ ತಟ್ಟಿದರು. ಮೂರನೆಯ ದಿನ ಸಮಾರೋಪದಲ್ಲಿ ಮಾತಾಡುವ ಮೂವರಲ್ಲಿ ನನ್ನ ಹೆಸರೂ ಬಂತು. ಅಂದು ನಾನು ನೆಲದ ಮೇಲೆ ನಡೆಯಲಿಲ್ಲ. ಅಪ್ಪನಿಗೆ ಫೋನು ಮಾಡಿ ಹೇಳಿದೆ, ಅಪ್ಪ ದೊಡ್ಡಮ್ಮನಿಗೆ ಹೇಳಿದರು.

ಮೇಲಿನ ಅಡುಗೆಮನೆ

ಮೂರನೆಯ ದಿನ ಹುಣ್ಣಿಮೆ, ನಮ್ಮ ಕಡೆ ಜನಿವಾರ ಬದಲಿಸುವ ನೂಲಹುಣ್ಣಿಮೆ. ಅಲ್ಲಿ ಅಂದು ಎಲ್ಲರ ಮನೆಯಲ್ಲೂ ಕ್ವಾಟಿ. ಹೆಸರು, ಕಡಲೆ, ಅಲಸಂದೆ, ಉದ್ದು, ಬಟಾಣಿ ಎಂದು ಒಂಬತ್ತು ಬಗೆಯ ಕಾಳು ನೆನೆಸಿ, ಮೊಳಕೆ ಬರಿಸಿ, ಓಮದ ಒಗ್ಗರಣೆ ಹಾಕಿ ಮಾಡುವ ಸಾರು. ಅಜಿ ನಾಲ್ಕು ದಿನದಿಂದ ಆ ಕಾಳುಗಳನ್ನು ಕೂಸಿನ ಹಾಗೆ ನೋಡಿಕೊಂಡಿದ್ದರು. ಬಟ್ಟೆ ಸರಿಸುವುದು, ನೀರು ಚಿಮುಕಿಸುವುದು, ಮತ್ತೆ ಹೊದಿಸುವುದು. ನಾವೂ ಮೊಳಕೆಕಾಳಿನ ಸಾರು ಮಾಡುತ್ತೇವೆ ಎಂದು ನಾನು ಬಾಯಿ ಬಿಟ್ಟದ್ದೇ ನೆಪವಾಯಿತು. ಅಜಿ ನನ್ನ ಕೈ ಹಿಡಿದು ಕಿಂಡಿಯೊಳಗಿಂದ ಮೇಲೆ ಕರೆದುಕೊಂಡರು. ತನ್ನ ಗೆಳತಿಯರಿಗೂ ಇದುವರೆಗೆ ಸಿಗದ ಮರ್ಯಾದೆ ಎಂದು ಸೃಜನಾ ಹೇಳಿದಳು.

ಸಾರು ಕುದಿಯತೊಡಗಿದಾಗ ಕೆಳಗೆ ಅಂಗಳಕ್ಕೆ ಪುರೋಹಿತರು ಬಂದರು. ಅಂದು ಎಲ್ಲರೂ ಕೈಗೆ ದಾರ ಕಟ್ಟಿಸಿಕೊಳ್ಳುತ್ತಾರೆ. ಅಜಿ ಸೌಟನ್ನು ನನ್ನ ಕೈಗೆ ಕೊಟ್ಟು, ತಳ ಹಿಡಿಯದಂತೆ ನೋಡಿಕೋ ಎಂದು ಮೆಟ್ಟಿಲಿಳಿದರು.

ನಮ್ಮಮ್ಮನಿಗೆ ಸೋಮವಾರ ಮತ್ತು ಶನಿವಾರ ಉಪವಾಸ. ಆ ದಿನ ಅವಳು ಅಡುಗೆಯ ರುಚಿ ನೋಡುವ ಹಾಗಿಲ್ಲ. "ಉಪ್ಪು ನೋಡೇ ಮೇಘಾ" ಎಂದು ಕರೆಯುತ್ತಾಳೆ. ನಾನು ಹೋಗಿ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ಹೇಳುತ್ತೇನೆ. ಹತ್ತು ವರ್ಷದಿಂದ ವಾರಕ್ಕೆರಡು ಸಲ ಮಾಡಿದ ಕೆಲಸ. ಕುದಿಯುವ ಪಾತ್ರೆ, ಕೈಯಲ್ಲಿ ಸೌಟು, ಇನ್ನೇನು ಬೇಕು. ಬಲ ಅಂಗೈಗೆ ಒಂದು ತೊಟ್ಟು ಬಿತ್ತು, ನೆಕ್ಕಿದೆ. ಉಪ್ಪು ಸರಿಯಾಗಿ ಹಿಡಿದಿತ್ತು. ಓಮದ ಘಮ ಮೂಗಿಗೆ ಏರಿತು. ಎಷ್ಟು ಚೆನ್ನಾಗಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ತಲೆ ಎತ್ತಿದರೆ ಕಿಂಡಿಯಲ್ಲಿ ಚರಣ್‌ನ ತಲೆ.

ಚಾರ್ಜರ್ ಕೇಳಲು ಬಂದವನು ದಾರಿ ತಪ್ಪಿ ಮೇಲಿನವರೆಗೆ ಹತ್ತಿದ್ದ. ಅವನ ಹಿಂದೆಯೇ ಸೃಜನಾ ಒಂದು ಕಟ್ಟು ಎಲೆ ಹಿಡಿದು ಬಂದಳು. ಅವನನ್ನು ಕೆಳಗಿನ ಮೆಟ್ಟಿಲಲ್ಲೇ ನಿಲ್ಲಿಸಿ, ತಾನು ಒಳಗೆ ಬಂದು ಎಲೆಗಳನ್ನು ಒರೆಸುತ್ತ ವಿವರಿಸಿದಳು: ಮೊದಲ ಎಡೆ ದೇವರಿಗೆ. ಎರಡನೆಯದು ಗದ್ದೆಯಲ್ಲಿರುವ ಕಪ್ಪೆಗಳಿಗೆ. ಮಳೆ ಕರೆಯುವವು, ಪೈರು ಕಾಯುವವು ಅವೇ ಎಂದು ಈ ಊರಿನ ರೈತರು ವರ್ಷಕ್ಕೊಮ್ಮೆ ಊಟ ಕೊಡುತ್ತಾರೆ. ಆಮೇಲೆ ನಮಗೆ. "ಅದಕ್ಕೇ ಇವತ್ತು ಅಜಿ ಉಪ್ಪೂ ನೋಡುವುದಿಲ್ಲ" ಎಂದು ನಕ್ಕಳು.

ನನ್ನ ಅಂಗೈ ಇನ್ನೂ ಒದ್ದೆಯಾಗಿತ್ತು. ಎಡೆಗೆ ಮುಂಚೆ ರುಚಿ ನೋಡಬಾರದೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ನಮ್ಮ ಮನೆಯಲ್ಲೂ ಹಬ್ಬದ ದಿನ ಯಾರೂ ನೋಡುವುದಿಲ್ಲ. ಹಬ್ಬ ಎಂದೂ ಗೊತ್ತಿತ್ತು. ಗೊತ್ತಿದ್ದೂ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿಬಿಟ್ಟಿತ್ತು.

ಮೆಟ್ಟಿಲ ಮೇಲೆ

ಸೃಜನಾಳಿಗೆ ಏನೋ ನೆಪ ಹೇಳಿ, ಸೌಟು ಅವಳ ಕೈಗೆ ಕೊಟ್ಟು, ಕೆಳಗಿನ ಮೆಟ್ಟಿಲಿಗೆ ಬಂದು ಕೂತೆ. ಚರಣ್ ಅಲ್ಲೇ ಇದ್ದ. ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ.

"ನಾನು ನೋಡ್ಲಿಲ್ಲ ಕಣೇ" ಎಂದ, ತೀರ ಮೆತ್ತಗೆ.

"ನೋಡಿದೆ."

"ನೋಡ್ಲಿಲ್ಲ ಅಂತ ಹೇಳ್ತಾ ಇದೀನಲ್ಲ. ಅಜ್ಜಿಗೆ ಗೊತ್ತಿಲ್ಲ. ದೇವರಿಗೆ ಗೊತ್ತಿದ್ರೆ ಅವನು ಅಡ್ಜಸ್ಟ್ ಮಾಡ್ಕೊಳ್ತಾನೆ. ಕಪ್ಪೆ ಅಂತೂ ಕಂಪ್ಲೇಂಟ್ ಕೊಡಲ್ಲ."

"ನಾಲ್ಕು ದಿನ ಆಯ್ತು ಕಣೋ ಅವರು ಆ ಕಾಳು ಕಾಯೋಕೆ ಶುರು ಮಾಡಿ."

"ಅದನ್ನೇ ಹೇಳ್ತಿರೋದು. ಈಗ ಹೋಗಿ ಹೇಳ್ದೆ ಅಂತ ಇಟ್ಕೋ. ನಿನಗೆ ನೆಮ್ಮದಿ. ಅಜ್ಜಿಗೆ? ಇವತ್ತಿಗೆ ಇವತ್ತು ಮೊಳಕೆ ಎಲ್ಲಿಂದ ಬರುತ್ತೆ? ಅದು ಸತ್ಯಾನೋ ಸ್ವಾರ್ಥಾನೋ ನೀನೇ ಯೋಚನೆ ಮಾಡು."

ಮೂರು ವರ್ಷದಲ್ಲಿ ಅವನು ಹೇಳಿದ ವಾದಗಳಲ್ಲಿ ನನ್ನನ್ನು ಸೋಲಿಸಿದ್ದು ಇದೊಂದೇ. ಮೇಲಾಗಿ ಅವನು ಗೆಲ್ಲಲು ಹೇಳುತ್ತಿರಲಿಲ್ಲ. ನನ್ನನ್ನು ಉಳಿಸಲು ತನ್ನ ಸಿದ್ಧಾಂತವನ್ನು ನನ್ನ ಮುಂದೆ ಹಾಸುತ್ತಿದ್ದ. ಅದಕ್ಕಾಗಿ ಅವನನ್ನು ನಾನು ಎಷ್ಟು ಇಷ್ಟಪಟ್ಟೆನೋ ಹೇಳಲಾರೆ. ಸುಮ್ಮನಿದ್ದುಬಿಡೋಣ ಎಂದೂ ನಿರ್ಧರಿಸಿದೆ. ಮೂರು ಗಂಟೆಗೆ ಭಾಷಣ, ಬೆಳಿಗ್ಗೆ ಬೇರೆ ಊರು, ಆಮೇಲೆ ವಿಮಾನ. ಯಾರಿಗೆ ಗೊತ್ತಾಗುತ್ತದೆ.

ಅಷ್ಟರಲ್ಲಿ ಅಜಿ ಕೈಗೆ ಹಳದಿ ದಾರ ಕಟ್ಟಿಸಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ನನ್ನನ್ನು ಕಂಡು ಅಲ್ಲೇ ನಿಂತು, ಪುರೋಹಿತರಿಂದ ಕೇಳಿ ತಂದ ಇನ್ನೊಂದು ದಾರವನ್ನು ನನ್ನ ಬಲಗೈಗೆ ಕಟ್ಟಿದರು. ಗಂಟು ಹಾಕಲು ಅವರ ಬೆರಳು ಸ್ವಲ್ಪ ತಡಕಾಡಿದವು. "ದೇವರ ಎಡೆ ಇವತ್ತು ನೀನೇ ಇಡು. ನೀನೂ ಈ ಮನೆ ಹುಡುಗಿಯೇ" ಎಂದರು.

ಅವರು ಕಟ್ಟಿದ್ದು ನಾನು ನೆಕ್ಕಿದ ಕೈಗೇ. ನನಗೆ ತಡೆಯಲಾಗಲಿಲ್ಲ. "ಅಜಿ, ಸಾರಿನ ರುಚಿ ನೋಡಿಬಿಟ್ಟೆ" ಎಂದೆ. ಚರ್ಚೆಯಲ್ಲಿದ್ದ ಗಟ್ಟಿ ದನಿ ಎಲ್ಲಿ ಹೋಯಿತೋ, ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಬೇಕಾಯಿತು.

ಅಂಗಳ

ಅಜಿ ಬೈದಿದ್ದರೆ ಒಳ್ಳೆಯದಿತ್ತು. ಮೆಟ್ಟಿಲ ಮೇಲೇ ಕೂತರು. ಬಹಳ ಹೊತ್ತು ತಮ್ಮ ಮೊಣಕಾಲನ್ನು ಒತ್ತಿಕೊಂಡರು. ಸೃಜನಾ ಕಿಂಡಿಯಿಂದ ಬಗ್ಗಿ ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮುಖ ಗಟ್ಟಿಯಾಗಿತ್ತು. "ಹೇಳದೇ ಇರಬಹುದಿತ್ತಲ್ಲ?" ಎಂದಳು. ಮೊದಲ ದಿನ ಕೇಳಿದ ಪ್ರಶ್ನೆಯನ್ನೇ ಅವಳು ಈಗಲೂ ಕೇಳುತ್ತಿದ್ದಳು. ಅಂದು ಚಪ್ಪಾಳೆ ಸಿಕ್ಕ ಉತ್ತರವನ್ನು ಅವಳಿಗೆ ಮತ್ತೆ ಹೇಳುವ ಮುಖ ನನಗಿರಲಿಲ್ಲ.

ಕೊನೆಗೆ ಅಜಿ ಅವಳಿಗೆ ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಿದರು. ಸೃಜನಾ ಒಂದು ಹಿತ್ತಾಳೆ ಬಟ್ಟಲು ಹಿಡಿದು ಅಂಗಳಕ್ಕೆ ಇಳಿದಳು. ಹಬ್ಬದ ದಿನ ಎಲ್ಲರ ಮನೆಯಲ್ಲೂ ಮೊಳಕೆ ಇರುತ್ತದಲ್ಲ. ಒಂದೊಂದು ಬಾಗಿಲಿಗೂ ಹೋಗಿ ಉಳಿದ ಕಾಳು ಕೇಳಿದಳು, ಒಂದೊಂದು ಬಾಗಿಲಲ್ಲೂ ಯಾಕೆ ಎಂದು ಹೇಳಬೇಕಾಯಿತು. ಅರ್ಧ ಗಂಟೆಯಲ್ಲಿ ಇಂಡಿಯಾದಿಂದ ಬಂದ ಹುಡುಗಿ ದೇವರ ಸಾರು ನೆಕ್ಕಿದ ಸುದ್ದಿ ಅಂಗಳದ ಪ್ರತಿ ಕಿಟಕಿಯನ್ನೂ ತಲುಪಿತು. ಎದುರುಮನೆಯ ಹೆಂಗಸು ಕಿಟಕಿಯಿಂದ ಬಗ್ಗಿ ನನ್ನನ್ನು ನೋಡಿ, ತಲೆ ಅಲ್ಲಾಡಿಸಿ, ಒಂದು ಹಿಡಿಯ ಬದಲು ಎರಡು ಹಿಡಿ ಕೊಟ್ಟಳು. ನನಗೆ ಅಳು ಬಂತು, ಅತ್ತೆ. ಪಲ್ಲವಿ ಬಂದು ನನ್ನ ಪಕ್ಕ ಕೂತು, ಯಾಕೆಂದು ಕೇಳದೆಯೇ ತಾನೂ ಅತ್ತಳು.

ಮೊದಲ ಪಾತ್ರೆಯ ಸಾರನ್ನು ಅಜಿ ಕೆಳಗಿಳಿಸಿ ನಮಗೆ ಬಡಿಸಿದರು. ಎಂಜಲಾದದ್ದು ದೇವರಿಗೆ ಆಗುವುದಿಲ್ಲ, ಹಸಿದವರಿಗೆ ಆಗುತ್ತದೆ ಎಂದರು. ಚರಣ್ ಎರಡು ಬಟ್ಟಲು ಕುಡಿದು, ಆ ಪಾತ್ರೆಯನ್ನು ಅಂಗಳದ ನಲ್ಲಿಯಲ್ಲಿ ಬೂದಿ ಹಾಕಿ ಉಜ್ಜಿದ. ಅವನು ಪಾತ್ರೆ ತೊಳೆದದ್ದನ್ನು ಅದೇ ಮೊದಲು ನೋಡಿದ್ದು.

ನಾನು ಮೆಟ್ಟಿಲಲ್ಲೇ ಉಳಿದಿದ್ದೆ. ಇನ್ನು ಮೇಲಕ್ಕೆ ಹೋಗುವ ಯೋಗ್ಯತೆ ನನಗಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಮೇಲಿನಿಂದ ಅಜಿಯ ದನಿ ಬಂತು. "ಎಲ್ಲಿ ಹೋದಳು ಅವಳು? ನನ್ನ ಕೈ ನೋಯುತ್ತಿದೆ, ತಿರುಗಿಸಲು ಯಾರು ಬರುತ್ತಾರೆ?" ಕೈ ತೊಳೆದು, ಬಾಯಿ ಮುಕ್ಕಳಿಸಿ, ಕಿಂಡಿಯೊಳಗೆ ತಲೆ ತೂರಿಸಿದೆ. ಅದೇ ಸೌಟನ್ನು ತೊಳೆದು ಒರೆಸಿ ನನ್ನ ಕಡೆ ಚಾಚಿದರು. ಈ ಸಲ ಕೆಳಗೆ ಹೋಗಲಿಲ್ಲ, ಪಕ್ಕದಲ್ಲೇ ಕೂತರು. ಆದರೆ ಕಣ್ಣು ಮುಚ್ಚಿಕೊಂಡು ಕೂತರು.

ಗದ್ದೆ

ಮೂರು ಗಂಟೆಗೆ ನನ್ನ ಭಾಷಣವಿತ್ತು. ಆ ಹೊತ್ತಿಗೆ ನಾನು ಊರಾಚೆಯ ಗದ್ದೆಯ ಬದುವಿನ ಮೇಲೆ ಜಾರುತ್ತ ನಡೆಯುತ್ತಿದ್ದೆ. ಮೇಷ್ಟ್ರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ್ದೆ. ಅವರು "ಕಪ್ಪೆಗಾ?" ಎಂದು ಮಾತ್ರ ಕೇಳಿದರು.

ಗದ್ದೆಯ ಮೂಲೆಯಲ್ಲಿ ಎಲೆಯ ಮೇಲೆ ಅನ್ನ, ಸಾರು ಇಟ್ಟು ಎಲ್ಲರೂ ಹಿಂದೆ ಸರಿದೆವು. ಕಪ್ಪೆಗಳ ಸದ್ದು ಸುತ್ತಲೂ ಇತ್ತು, ಒಂದೂ ಹೊರಗೆ ಬರಲಿಲ್ಲ. ಬಂದು ತಿನ್ನುವುದನ್ನು ನೋಡಿದ್ದೀಯಾ ಎಂದು ಚರಣ್ ಸೃಜನಾಳನ್ನು ಕೇಳಿದ. ಅವಳು ಇಲ್ಲ ಎಂದಳು. ಅವನು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದವನು, ನನ್ನ ಊದಿದ ಕಣ್ಣು ನೋಡಿ ಮುಚ್ಚಿಕೊಂಡ.

ಮನೆಗೆ ಬಂದು ಅಂಗಳದಲ್ಲಿ ಸಾಲಾಗಿ ಕೂತೆವು. ಕಾಳು ಕೊಟ್ಟ ಮನೆಯವರೆಲ್ಲ ಬಂದಿದ್ದರು. ಅಜಿ ಎಲ್ಲರಿಗೂ ತಾವೇ ಬಡಿಸಿ, ತಾವೂ ಒಂದು ಗುಟುಕು ಕುಡಿದು, ಬಟ್ಟಲನ್ನು ಕೆಳಗಿಟ್ಟು ಕೇಳಿದರು: "ಹೇಗಿದೆ?"

ನಾನು ಒಂದು ಗುಟುಕು ಕುಡಿದಿದ್ದೆ. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಆ ಗಡಿಬಿಡಿಯಲ್ಲಿ ಅಜಿ ಮರೆತಿದ್ದರು. ಯಾರೂ ರುಚಿ ನೋಡುವ ಹಾಗಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

"ಚೆನ್ನಾಗಿದೆ" ಎಂದಳು ಸೃಜನಾ. ಎದುರುಮನೆಯ ಹೆಂಗಸು ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಪಲ್ಲವಿ ಸೂಪರ್ ಎಂದಳು. ಚರಣ್ ಬಟ್ಟಲು ಬರಿದು ಮಾಡಿ, ಇಂಥದ್ದು ಜನ್ಮದಲ್ಲೇ ತಿಂದಿಲ್ಲ ಎಂದ. ಪ್ರೀತಿಯಿಂದಲೇ ಹೇಳಿದರು, ಒಬ್ಬೊಬ್ಬರೂ. ಅಜಿಗೆ ಅಂದು ಆದದ್ದೇ ಸಾಕು ಎಂದು ಎಲ್ಲರಿಗೂ ಅನ್ನಿಸಿತ್ತು. ನನಗೂ ಅನ್ನಿಸಿತ್ತು.

ಅಜಿ ಅವರೆಲ್ಲರ ಮಾತು ಕೇಳಿ ಬಟ್ಟಲಿನ ಸಾರನ್ನೇ ನೋಡುತ್ತಿದ್ದರು. ಮುಖದಲ್ಲಿ ಸಂತೋಷ ಕಾಣಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ನೀನು ಹೇಳು."

ಚರಣ್ ನನ್ನನ್ನೇ ನೋಡುತ್ತಿದ್ದ. ಬೇಡ ಕಣೇ ಎನ್ನುತ್ತಿದ್ದನೋ, ಹೇಳು ಎನ್ನುತ್ತಿದ್ದನೋ, ಅವನ ಮುಖದಿಂದ ತಿಳಿಯಲಿಲ್ಲ.

"ಉಪ್ಪೇ ಇಲ್ಲ ಅಜಿ" ಎಂದೆ.

ಅಜಿ ಉಸಿರು ಬಿಟ್ಟರು. ಬಟ್ಟಲಿಗೆ ಇನ್ನೊಮ್ಮೆ ಬಾಯಿ ಹಚ್ಚಿ, ನಾಲಿಗೆಯ ಮೇಲೆ ಸಾರನ್ನು ಹೊರಳಿಸಿ ನುಂಗಿದರು. ಆಮೇಲೆ ಕಣ್ಣು ಪೂರ್ತಿ ಮುಚ್ಚಿಹೋಗುವಷ್ಟು ನಕ್ಕರು.

"ನನಗೂ ಹಾಗೇ ಅನ್ನಿಸಿತ್ತು ಮಗು. ಇವರೆಲ್ಲ ಚೆನ್ನಾಗಿದೆ ಅಂದಾಗ, ವಯಸ್ಸಾಯಿತಲ್ಲ, ನನ್ನ ನಾಲಿಗೆಯೇ ಹೋಯಿತು ಅಂದುಕೊಂಡು ಹೆದರಿಬಿಟ್ಟಿದ್ದೆ."

ಚರಣ್ ಎದ್ದು, ಅಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತನ್ನ ಹರಕು ಹಿಂದಿಯಲ್ಲಿ ಕೇಳಿದ: ಉಪ್ಪಿನ ಡಬ್ಬಿ ಎಲ್ಲಿದೆ, ನಾನು ತರಲಾ?